ಸರಳು ಬಗ್ಗಿಸಲು ಒಂದೇ ಅವಕಾಶ

2011ರ ಮಳೆಗಾಲ. ಪುಣೆಯ ಕೋಥ್ರೂಡಿನ ಒಂದು ಬಾಡಿಗೆ ಫ್ಲಾಟಿನಲ್ಲಿ ನಾವು ಐದು ಜನ ಪ್ರತಿ ಶನಿವಾರ ರಾತ್ರಿ ಸೇರುತ್ತಿದ್ದೆವು. ಮೂವರು ಕನ್ನಡದವರು, ಒಬ್ಬ ನಾಗಪುರದವನು, ಇನ್ನೊಬ್ಬ ಕೊಚ್ಚಿಯವನು. ನೆಲದ ಮೇಲೆ ಚಾಪೆ, ನಡುವೆ ಚುರುಮುರಿಯ ಡಬ್ಬಿ, ಅದರ ಪಕ್ಕದಲ್ಲಿ ಬೇರೆ ಬೇರೆ ಆಕಾರದ ಒಂದು ಹಿಡಿ ದಾಳಗಳು. ಆಡುತ್ತಿದ್ದದ್ದು ‘ಡಂಜನ್ಸ್ ಅಂಡ್ ಡ್ರಾಗನ್ಸ್’. ಗುಂಪಿನಲ್ಲೊಬ್ಬನ ಅಣ್ಣ ಅಮೆರಿಕದಿಂದ ಬರುವಾಗ ಈ ಆಟದ 1978ರ ಹಳೆಯ ನಿಯಮಪುಸ್ತಕವೊಂದನ್ನು ತಂದುಕೊಟ್ಟಿದ್ದ. ಹೊಸ ಆವೃತ್ತಿಗಳು ಎಷ್ಟೋ ಬಂದಿದ್ದರೂ ನಾವು ಹಟಕ್ಕೆ ಬಿದ್ದು ಅದರಲ್ಲೇ ಆಡಬೇಕೆಂದುಕೊಂಡಿದ್ದೆವು.

ಆ ರಾತ್ರಿ ನಮ್ಮ ಗುಂಪಿನ ಧಾರವಾಡದ ಗೆಳತಿ ತನ್ನ ಪಾತ್ರಕ್ಕಾಗಿ ಮೂರು ದಾಳ ಉರುಳಿಸಿದಳು. ಮೂರರಲ್ಲೂ ಆರು ಬಿತ್ತು. ಒಟ್ಟು 18; ಅದು ಬಲದ ಲೆಕ್ಕಕ್ಕೆ. ಆಟದಲ್ಲಿ ಅವಳು ಯೋಧೆ. ಯೋಧರಿಗೆ ಬಲ 18 ಬಿದ್ದರೆ ಮತ್ತೆ ಶೇಕಡಾ ದಾಳ ಉರುಳಿಸಿ, ಆ 18 ಎಷ್ಟು ಗಟ್ಟಿಯ 18 ಎಂದು ನೋಡುವ ನಿಯಮವಿದೆ. ಉರುಳಿಸಿದಳು. 87. ಎಲ್ಲರೂ ಕೂಗಿದೆವು. ಆಮೇಲೆ ಪುಸ್ತಕ ಹಿಡಿದಿದ್ದವನು ಕೋಷ್ಟಕದ ಮೇಲೆ ಬೆರಳಾಡಿಸಿ ಸುಮ್ಮನಾದ. “ಮನುಷ್ಯ ಜಾತಿ, ಹೆಣ್ಣು: ಗರಿಷ್ಠ 18/50 ಅಂತಿದೆ” ಎಂದ.

“ಅಂದ್ರ?” ಎಂದಳು ಅವಳು.

“ಅಂದರೆ ನಿನ್ನ 87 ನಡೆಯಲ್ಲ. 50 ಅಂತ ಬರ್ಕೋಬೇಕು.”

ಆ ರಾತ್ರಿಯ ಜಗಳ ನನ್ನನ್ನು ಬಹಳ ದಿನ ಕಾಡಿತು. ಆಟದ ಪುಸ್ತಕವೊಂದು ತೋಳಿನ ಬಲವನ್ನು ಅಂಕಿಗಿಳಿಸಿದ್ದು ಹೇಗೆ, ಆ ಅಂಕಿಗೆ ಬೇಲಿ ಹಾಕಿದವರು ಯಾರು, ಬೇಲಿ ಯಾವಾಗ ಬಿತ್ತು ಎಂದು ಹುಡುಕುತ್ತ ಹೋದೆ. ಈ ಬರಹ ಆ ಹುಡುಕಾಟದ ಫಲ.

ಈ ಆಟ ಆಡದವರಿಗೆ ಎರಡು ಮಾತು. ಇದರಲ್ಲಿ ಚೌಕಾಬಾರದಂತೆ ಮಣೆ ಇಲ್ಲ, ಗೆಲುವು ಸೋಲಿನ ಲೆಕ್ಕವೂ ಇಲ್ಲ. ಒಬ್ಬರು ಕತೆಗಾರರ ಜಾಗದಲ್ಲಿ ಕೂರುತ್ತಾರೆ. ಅವರನ್ನು ಡಂಜನ್ ಮಾಸ್ಟರ್ ಎನ್ನುತ್ತಾರೆ. “ನೀವು ನೆಲಮಾಳಿಗೆಯೊಳಗೆ ಇಳಿದಿದ್ದೀರಿ, ಎದುರಿಗೆ ಬಾಗಿಲಿದೆ” ಎನ್ನುತ್ತಾರೆ. ಉಳಿದವರಿಗೆ ಒಂದೊಂದು ಪಾತ್ರ. ಯೋಧ, ಮಂತ್ರವಾದಿ, ಪುರೋಹಿತ, ಹೀಗೆ. “ನಾನು ಬಾಗಿಲು ಒದೀತೀನಿ” ಎಂದು ಒಬ್ಬ ಹೇಳುತ್ತಾನೆ. ಬಾಗಿಲು ಮುರಿಯುತ್ತದೋ ಇಲ್ಲವೋ? ಅದನ್ನು ತೀರ್ಮಾನಿಸಲು ದಾಳ, ದಾಳಕ್ಕೊಂದು ನಿಯಮ.

ನಮ್ಮ ಪುರಾಣಗಳಿಗೆ ಈ ತೊಂದರೆ ಇರಲಿಲ್ಲ. ಭೀಮನಿಗೆ ಸಾವಿರ ಆನೆಯ ಬಲ ಎಂದರೆ ಮುಗಿಯಿತು. ಭೀಮ ಮರ ಕೀಳಲು ಹೊರಟಾಗ ಕೀಳುತ್ತಾನೋ ಇಲ್ಲವೋ ಎಂದು ಯಾರೂ ಕೇಳುವುದಿಲ್ಲ. ಕತೆ ಹೇಳುವವನಿಗೆ ಉತ್ತರ ಮೊದಲೇ ಗೊತ್ತು. ಕತೆ ಹೇಳುವವನಿಗೇ ಉತ್ತರ ಗೊತ್ತಿಲ್ಲದಿದ್ದರೆ ಏನು ಮಾಡುವುದು ಎನ್ನುವುದು 1970ರ ದಶಕದ ಅಮೆರಿಕದಲ್ಲಿ ಹುಟ್ಟಿದ ಪ್ರಶ್ನೆ.

ಹುಟ್ಟಿದ್ದು ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವಾ ಎಂಬ ಸಣ್ಣ ಊರಿನಲ್ಲಿ. ಗ್ಯಾರಿ ಗೈಗ್ಯಾಕ್ಸ್ ಅಲ್ಲಿನವರು. ವಿಮಾ ಕಂಪನಿಯ ಕೆಲಸ ಹೋದ ಮೇಲೆ ಮನೆಯಲ್ಲಿ ಶೂ ರಿಪೇರಿ ಮಾಡುತ್ತ, ಉಳಿದ ಹೊತ್ತೆಲ್ಲ ಯುದ್ಧದಾಟಗಳಲ್ಲಿ ಕಳೆಯುತ್ತಿದ್ದ ಮನುಷ್ಯ. ಮಿನೆಸೋಟದ ಡೇವ್ ಆರ್ನೆಸನ್ ತಮ್ಮ ಗೆಳೆಯರ ಜೊತೆ ಆಡುತ್ತಿದ್ದ ಹೊಸ ಬಗೆಯ ಆಟವೊಂದನ್ನು ಅವರಿಗೆ ತೋರಿಸಿದರು. ಇಬ್ಬರೂ ಸೇರಿ 1974ರಲ್ಲಿ ಒಂದು ಪೆಟ್ಟಿಗೆಯಲ್ಲಿ ಮೂರು ಸಣ್ಣ ಪುಸ್ತಿಕೆಗಳನ್ನಿಟ್ಟು ಮಾರಿದರು. ಮೊದಲ ಮುದ್ರಣ 1000 ಪ್ರತಿ, ಬೆಲೆ 10 ಡಾಲರ್.

ಆ ಪುಸ್ತಿಕೆಗಳಲ್ಲಿ ಪ್ರತಿ ಪಾತ್ರಕ್ಕೂ ಆರು ಗುಣಗಳು: ಬಲ, ಬುದ್ಧಿ, ವಿವೇಕ, ದೇಹದಾರ್ಢ್ಯ, ಚುರುಕು, ವರ್ಚಸ್ಸು. ಒಂದೊಂದಕ್ಕೂ ಮೂರು ದಾಳ. 3ರಿಂದ 18ರವರೆಗೆ ಎಷ್ಟು ಬೇಕಾದರೂ ಬೀಳಬಹುದು. ಪಟ್ಟಿಯಲ್ಲಿ ಮೊದಲ ಹೆಸರೇ ಬಲ. ವಿಚಿತ್ರವೆಂದರೆ 1974ರಲ್ಲಿ ಬಲ ಹೆಚ್ಚೇನೂ ಮಾಡುತ್ತಿರಲಿಲ್ಲ. ಹೆಚ್ಚು ಬಲವಿರುವ ಯೋಧನಿಗೆ ಅನುಭವದ ಅಂಕ ಸ್ವಲ್ಪ ಬೇಗ ಸೇರುತ್ತಿತ್ತು, ಅಷ್ಟೇ. ಅವನ ಕತ್ತಿಯ ಪೆಟ್ಟು ಬಲ 6 ಇರುವ ಮಂತ್ರವಾದಿಯ ಪೆಟ್ಟಿಗಿಂತ ಜೋರಾಗಿ ಬೀಳುತ್ತಿರಲಿಲ್ಲ.

ಇದಕ್ಕೆ ಕಾರಣ ಆಟದ ವಂಶದಲ್ಲಿದೆ. ಗೈಗ್ಯಾಕ್ಸ್ 1971ರಲ್ಲಿ ಜೆಫ್ ಪೆರೆನ್ ಜೊತೆ ಬರೆದ ‘ಚೈನ್‌ಮೇಲ್’ ಎಂಬ ಯುದ್ಧದಾಟದ ದೊಡ್ಡ ಕಾಳಗಗಳಲ್ಲಿ ಒಂದು ಗೊಂಬೆ ಎಂದರೆ 20 ಸೈನಿಕರು. ಇಪ್ಪತ್ತು ಜನರ ಗುಂಪಿಗೆ ಬೈಸೆಪ್ಸ್ ಇರುವುದಿಲ್ಲ. ಆ ಗೊಂಬೆ ಒಬ್ಬನೇ ಮನುಷ್ಯನಾಗಿ ಬಾಗಿಲ ಮುಂದೆ ನಿಂತಾಗ ಮಾತ್ರ ಅವನ ತೋಳು ಎಷ್ಟು ದಪ್ಪ ಎಂಬ ಪ್ರಶ್ನೆ ಏಳುತ್ತದೆ.

ಬಾಗಿಲ ಬಗ್ಗೆ ಆ ಪುಸ್ತಿಕೆಗಳಲ್ಲಿ ಸ್ವಾರಸ್ಯದ ನಿಯಮವಿದೆ. ನೆಲಮಾಳಿಗೆಯ ಬಾಗಿಲುಗಳು ಹಿಡಿ ತಿರುಗಿಸಿದರೆ ತೆರೆಯುವುದಿಲ್ಲ. ಬಲ ಹಾಕಿ ತಳ್ಳಬೇಕು. ಆರು ಮುಖದ ದಾಳದಲ್ಲಿ 1 ಅಥವಾ 2 ಬಿದ್ದರೆ ತೆರೆಯುತ್ತದೆ. ಪಾತ್ರ ಸಣ್ಣದಾಗಿದ್ದರೆ, ಹಗುರಾಗಿದ್ದರೆ, 1 ಮಾತ್ರ. ಮೂವರು ಒಟ್ಟಿಗೆ ಹೆಗಲು ಕೊಡಬಹುದು, ಆದರೆ ಹಾಗೆ ಮೂವರೂ ಮುಗ್ಗರಿಸಿ ಒಳಗೆ ಬಿದ್ದಾಗ ಅಲ್ಲಿ ಕಾದಿರುವುದಕ್ಕೆ ಥಟ್ಟನೆ ಎದುರಾಗಲು ಆಗುವುದಿಲ್ಲ. ಒಳಗಿರುವ ರಾಕ್ಷಸರಿಗೋ, ಅದೇ ಬಾಗಿಲು ತಾನಾಗಿ ತೆರೆದುಕೊಳ್ಳುತ್ತದೆ! ಹಳೆಯ ವಾಡೆಗಳ ಮಳೆಗಾಲದ ಬಾಗಿಲು ಕಂಡವರಿಗೆ ಮೊದಲರ್ಧ ಚೆನ್ನಾಗಿ ಅರ್ಥವಾಗುತ್ತದೆ. ಕೊನೆಯ ಮಾತು ಶುದ್ಧ ಕಿಡಿಗೇಡಿತನ. ಆದರೆ ಆಟದ ಭಯವೆಲ್ಲ ಅದರಲ್ಲೇ ಇದೆ: ಈ ಮನೆ ನಿಮ್ಮದಲ್ಲ, ಅವರದು.

ಮರುವರ್ಷ, 1975ರಲ್ಲಿ, ಗೈಗ್ಯಾಕ್ಸ್ ಮತ್ತು ರಾಬ್ ಕುಂಟ್ಜ್ ಹೆಸರಿನಲ್ಲಿ ‘ಗ್ರೇಹಾಕ್’ ಎಂಬ ಪುರವಣಿ ಬಂತು. ಬಲಕ್ಕೆ ಬಲ ಬಂದದ್ದು ಅಲ್ಲಿ. ಹೆಚ್ಚು ಬಲವಿದ್ದವರ ಏಟಿಗೆ ಹೆಚ್ಚುವರಿ ಅಂಕ ಸೇರಿತು, ಬಾಗಿಲು ಮುರಿಯುವ ಅವಕಾಶ ಬೆಳೆಯಿತು. ಜೊತೆಗೆ ಯೋಧರಿಗೆ ಮಾತ್ರ ಒಂದು ವಿಶೇಷ ಬಾಲ ಅಂಟಿಕೊಂಡಿತು. 18 ಬಿದ್ದ ಯೋಧ 1ರಿಂದ 100ರವರೆಗಿನ ಶೇಕಡಾ ದಾಳ ಉರುಳಿಸಬೇಕು. 100 ಬಿದ್ದರೆ ಅದನ್ನು 00 ಎಂದು ಬರೆಯುತ್ತಾರೆ. 18/01ರಿಂದ 18/50 ಒಂದು ಮೆಟ್ಟಿಲು, 51ರಿಂದ 75 ಇನ್ನೊಂದು, 76ರಿಂದ 90, ಆಮೇಲೆ 91ರಿಂದ 99, ತುತ್ತತುದಿಯಲ್ಲಿ 18/00.

ಮೂರು ದಾಳದಲ್ಲೂ ಆರು ಬೀಳುವುದು 216ಕ್ಕೊಂದು ಸಲ. ಅದಾದ ಮೇಲೆ 00 ಬೀಳಬೇಕೆಂದರೆ 21,600ಕ್ಕೊಂದು. ದಾಳವನ್ನು ಪ್ರಾಮಾಣಿಕವಾಗಿ ಉರುಳಿಸಿ 18/00 ಪಡೆದವರು ಅಪರೂಪದಲ್ಲಿ ಅಪರೂಪ. “ನನ್ನ ಯೋಧನಿಗೆ 18/00 ಇದೆ” ಎಂದು ಯಾರಾದರೂ ಹೇಳಿದರೆ, ದಾಳ ಉರುಳಿಸುವಾಗ ಪಕ್ಕದಲ್ಲಿ ಯಾರಿದ್ದರು ಎಂದು ಕೇಳುವುದು ಹಳೆಯ ಆಟಗಾರರ ವಾಡಿಕೆ.

ಏಕೆ ಯೋಧರಿಗೆ ಮಾತ್ರ? ಮಂತ್ರವಾದಿ ಬೆಳೆಯುತ್ತ ಹೋದಂತೆ ಬೆಂಕಿಯ ಉಂಡೆ ಎಸೆಯುತ್ತಾನೆ, ಹಾರುತ್ತಾನೆ, ಮಾಯವಾಗುತ್ತಾನೆ. ಯೋಧನಿಗೆ ಇರುವುದು ಕತ್ತಿ ಮತ್ತು ಹೆಗಲು. ಆ ಹೆಗಲಿಗೊಂದು ಮರ್ಯಾದೆ ಬೇಕಲ್ಲ. ಆದರೆ ಈ ಮರ್ಯಾದೆ ಎಲ್ಲ ಯೋಧರಿಗೂ ದಕ್ಕಲಿಲ್ಲ, 216ರಲ್ಲಿ ಒಬ್ಬನಿಗೆ ದಕ್ಕಿತು. ನನ್ನ ಮಟ್ಟಿಗೆ ಇದು ಕೆಟ್ಟ ವಿನ್ಯಾಸ. ಆದರೂ ಆ ಎರಡನೆಯ ಉರುಳಿಕೆಯಲ್ಲಿದ್ದ ರೋಮಾಂಚನ ಮುಂದಿನ ಯಾವ ಆವೃತ್ತಿಯಲ್ಲೂ ಸಿಗಲಿಲ್ಲ ಎನ್ನುವುದೂ ನಿಜ. ಕೋಥ್ರೂಡಿನ ಆ ಕೂಗು ಸುಳ್ಳಾಗಿರಲಿಲ್ಲ.

1978ರಲ್ಲಿ ‘ಅಡ್ವಾನ್ಸ್ಡ್’ ಎಂಬ ವಿಶೇಷಣ ಹೊತ್ತು ಬಂದದ್ದೇ ನಮ್ಮ ಕೈಯಲ್ಲಿದ್ದ ಪುಸ್ತಕ, ‘ಪ್ಲೇಯರ್ಸ್ ಹ್ಯಾಂಡ್‌ಬುಕ್’. ಮುಖಪುಟದಲ್ಲಿ ದೊಡ್ಡ ರಾಕ್ಷಸ ವಿಗ್ರಹ, ಅದರ ಕಣ್ಣಿನ ರತ್ನವನ್ನು ಇಬ್ಬರು ಮೀಟುತ್ತಿದ್ದಾರೆ. ಒಳಗಿನ ಬಲದ ಕೋಷ್ಟಕದಲ್ಲಿ ಸಾಲು ಸಾಲು ಅಂಕಿಗಳು: ಏಟು ತಾಗುವ ಅವಕಾಶ, ಗಾಯದ ಪ್ರಮಾಣ, ಹೊರಬಲ್ಲ ತೂಕ, ಬಾಗಿಲು ತೆರೆಯುವುದು, ಮತ್ತು ಕಟ್ಟಕಡೆಗೆ ‘ಸರಳು ಬಗ್ಗಿಸು, ಗೇಟು ಎತ್ತು’. ಗೇಟು ಎಂದರೆ ಕೋಟೆ ಬಾಗಿಲಲ್ಲಿ ಮೇಲಿಂದ ಇಳಿಬಿಡುವ ಕಬ್ಬಿಣದ ಜಾಲರಿ. ತೂಕವನ್ನು ಪೌಂಡಿನಲ್ಲಿ ಹೇಳದೆ ಚಿನ್ನದ ನಾಣ್ಯದಲ್ಲಿ ಹೇಳಿದ್ದಾರೆ. 10 ನಾಣ್ಯಕ್ಕೆ ಒಂದು ಪೌಂಡ್. ಕೊಳ್ಳೆ ಹೊಡೆಯಲು ಹೋದವರಿಗೆ ಸರಿಯಾದ ಅಳತೆ.

ಸರಳು ಬಗ್ಗಿಸುವ ಅವಕಾಶ ಬಲ 16ಕ್ಕೆ 10 ಪ್ರತಿಶತ, ಬರಿಯ 18ಕ್ಕೆ 16, 18/50ಕ್ಕೆ 20, 18/87ಕ್ಕೆ 30, 18/00ಕ್ಕೆ 40. ಭೂಮಿಯ ಮೇಲಿನ ಅತಿ ಬಲಿಷ್ಠ ಮನುಷ್ಯನೂ ಹತ್ತರಲ್ಲಿ ಆರು ಸಲ ಸೋಲುತ್ತಾನೆ. ಅದಕ್ಕೆ ಸೇರಿಸಿ ಇನ್ನೊಂದು ಷರತ್ತು: ಒಂದೇ ಪ್ರಯತ್ನ. ಆ ಸರಳು ಒಮ್ಮೆ ಬಗ್ಗದಿದ್ದರೆ ಆ ಪಾತ್ರದ ಕೈಗೆ ಅದು ಇನ್ನೆಂದಿಗೂ ಬಗ್ಗುವುದಿಲ್ಲ.

ಮೊದಲು ಓದಿದಾಗ ಇದು ಅನ್ಯಾಯವೆನಿಸುತ್ತದೆ. ನಿಜ ಜೀವನದಲ್ಲಿ ಎರಡನೇ ಸಲ ಎಳೆಯಬಾರದೆಂದು ಯಾರು ಹೇಳುತ್ತಾರೆ? ಎಷ್ಟು ಸಲ ಬೇಕಾದರೂ ಎಳೆಯಬಹುದು ಎಂದಿಟ್ಟುಕೊಂಡು ಲೆಕ್ಕ ಹಾಕಿ ನೋಡಿ. 16 ಪ್ರತಿಶತ ಅವಕಾಶವಿರುವವನು ಹತ್ತು ಸಲ ಎಳೆದರೆ ಒಮ್ಮೆಯಾದರೂ ಗೆಲ್ಲುವ ಸಾಧ್ಯತೆ 82ಕ್ಕೂ ಹೆಚ್ಚು. ಮೂವತ್ತು ಸಲ ಎಳೆದರೆ ಗೆಲುವು ಖಚಿತವೆಂದೇ ಹೇಳಬಹುದು. ಆಗ ಬಲ 10 ಇದ್ದರೇನು, 18 ಇದ್ದರೇನು, ಬೇಕಾಗುವುದು ಪುರುಸೊತ್ತು ಮಾತ್ರ. ಒಂದೇ ಪ್ರಯತ್ನ ಎಂದಾಗ ದಾಳದ ಅರ್ಥವೇ ಬದಲಾಗುತ್ತದೆ. ಈ ಸರಳು ನನ್ನ ತೋಳಿಗೆ ಬಗ್ಗುವಂಥದ್ದೋ ಅಲ್ಲವೋ ಎಂದು ಮುಟ್ಟುವ ತನಕ ಯಾರಿಗೂ ಗೊತ್ತಿರಲಿಲ್ಲ. ಡಂಜನ್ ಮಾಸ್ಟರಿಗೂ ಗೊತ್ತಿರಲಿಲ್ಲ. ದಾಳ ಉರುಳಿದಾಗ ತಿಳಿಯುವುದು ಇವತ್ತು ನಾನು ಎಷ್ಟು ಚೆನ್ನಾಗಿ ಎಳೆದೆ ಎಂದಲ್ಲ, ಕಮ್ಮಾರ ಅದನ್ನು ಎಷ್ಟು ಗಟ್ಟಿಯಾಗಿ ಬಡಿದಿದ್ದ ಎಂದು. ಒಮ್ಮೆ ತಿಳಿದ ಮೇಲೆ ಅದು ಆ ಸರಳಿನ ಗುಣ. ಮತ್ತೆ ಕೇಳುವುದಕ್ಕೆ ಏನೂ ಇಲ್ಲ. ಇನ್ನು ಬೇರೆ ದಾರಿ ಹುಡುಕಬೇಕು, ಸುರಂಗ ತೋಡಬೇಕು, ಕಾವಲುಗಾರನ ಕಿಸೆಯಿಂದ ಬೀಗದ ಕೈ ಕದಿಯಬೇಕು. ಕತೆ ಮುಂದಕ್ಕೆ ಹೋಗುತ್ತದೆ. ಇಡೀ ಪುಸ್ತಕದಲ್ಲಿ ನನಗೆ ಅತ್ಯಂತ ಇಷ್ಟವಾದ ನಿಯಮ ಇದು.

ಅತ್ಯಂತ ಕೆಟ್ಟ ನಿಯಮವೂ ಅದೇ ಪುಸ್ತಕದಲ್ಲಿ, ಇದರ ಆಸುಪಾಸಿನಲ್ಲೇ ಇದೆ. ಜನಾಂಗ ಮತ್ತು ಲಿಂಗದ ಪ್ರಕಾರ ಬಲದ ಮಿತಿಗಳ ಪಟ್ಟಿ. ಮನುಷ್ಯ ಗಂಡಿಗೆ 18/00, ಹೆಣ್ಣಿಗೆ 18/50. ಕುಳ್ಳರ ಜನಾಂಗವಾದ ಡ್ವಾರ್ಫ್ ಗಂಡಿಗೆ 18/99, ಹೆಣ್ಣಿಗೆ 17. ಎಲ್ಫ್ ಹೆಣ್ಣಿಗೆ 16. ಅವರಿಗಿಂತ ಗಿಡ್ಡರಾದ ಹಾಫ್ಲಿಂಗ್ ಹೆಣ್ಣಿಗೆ 14.

ಈ ಯೋಚನೆ ದಿಢೀರನೆ ಹುಟ್ಟಿದ್ದಲ್ಲ. 1976ರಲ್ಲಿ ‘ದಿ ಡ್ರಾಗನ್’ ಪತ್ರಿಕೆಯ ಮೂರನೆಯ ಸಂಚಿಕೆಯಲ್ಲಿ ಲೆನ್ ಲಕೋಫ್ಕ ಎಂಬವರು ಸ್ತ್ರೀಪಾತ್ರಗಳಿಗೆ ಬೇರೆಯೇ ನಿಯಮಗಳನ್ನು ಸೂಚಿಸಿ ಒಂದು ಲೇಖನ ಬರೆದಿದ್ದರು. ಅದರ ಪ್ರಕಾರ ಹೆಣ್ಣಿನ ಬಲಕ್ಕೆ ಮೂರು ದಾಳ ಇಲ್ಲ. ಎಂಟು ಮುಖದ್ದೊಂದು, ಆರು ಮುಖದ್ದೊಂದು. ಎಷ್ಟೇ ಅದೃಷ್ಟವಿದ್ದರೂ 14ಕ್ಕೆ ಮುಗಿಯಿತು. ವರ್ಚಸ್ಸಿನ ಜಾಗದಲ್ಲಿ ‘ಸೌಂದರ್ಯ’ ಎಂಬ ಗುಣ ಬೇರೆ. ಅದು ಅಧಿಕೃತ ನಿಯಮವಾಗಲಿಲ್ಲ. ಅದಕ್ಕೆ ಹೋಲಿಸಿದರೆ 1978ರ 18/50 ಉದಾರವೆಂದೇ ಹೇಳಬೇಕು. ಆದರೆ ಪತ್ರಿಕೆಯ ಸೂಚನೆಯನ್ನು ಬೇಡವೆಂದವರು ಬಿಡಬಹುದಿತ್ತು. ಪುಸ್ತಕದ ಕೋಷ್ಟಕ ಹಾಗಲ್ಲ. ಯಾವ ದೇಶದ ಯಾವ ಚಾಪೆಯ ಮೇಲೆ ತೆರೆದರೂ ಅದು ಅದೇ ಮಾತು ಹೇಳುತ್ತದೆ, 33 ವರ್ಷ ಕಳೆದು ಪುಣೆಯಲ್ಲೂ ಹೇಳಿತು.

ಇದನ್ನು ಸಮರ್ಥಿಸುವವರ ಮಾತು ಒಂದೇ: ವಾಸ್ತವ. ಗಂಡಸರ ಸರಾಸರಿ ಬಲ ಹೆಚ್ಚಲ್ಲವೇ, ಆಟ ಅದನ್ನು ತೋರಿಸಿದರೆ ತಪ್ಪೇನು? ನಮ್ಮ ಗುಂಪಿನಲ್ಲೂ ಒಬ್ಬ ಇದನ್ನೇ ಹೇಳಿದ. ಡ್ರಾಗನ್ನು ಹಾರುವ, ಸತ್ತವರು ಎದ್ದು ಬರುವ ಆಟದಲ್ಲಿ ವಾಸ್ತವ ನೆನಪಾಗುವುದು ಹೆಣ್ಣಿನ ತೋಳು ಬಂದಾಗ ಮಾತ್ರವೇ ಎಂದು ಕೇಳಬಹುದಿತ್ತು. ತಮ್ಮ ಆಟ ವಾಸ್ತವದ ಪಡಿಯಚ್ಚಲ್ಲ ಎಂದು ಗೈಗ್ಯಾಕ್ಸ್ ಅವರೇ 1979ರ ‘ಡಂಜನ್ ಮಾಸ್ಟರ್ಸ್ ಗೈಡ್’ನಲ್ಲಿ ಹೇಳಿದ್ದಾರೆ. ಇರಲಿ. ವಾಸ್ತವ ಎಂದವರಿಗೆ ವಾಸ್ತವದ ಅಳತೆಯಲ್ಲೇ ಉತ್ತರ ಕೊಡಬಹುದು, ಯಾಕೆಂದರೆ ಅದೇ ಗೈಡಿನಲ್ಲಿ ಅಳತೆಗೋಲೂ ಇದೆ.

ಗೈಡಿನ ಪ್ರಕಾರ ಬಲ 18 ಇರುವವರು ತಲೆಯ ಮೇಲಕ್ಕೆ ಎತ್ತಬಲ್ಲದ್ದು ತಮ್ಮ ದೇಹದ ತೂಕ ಅಥವಾ 180 ಪೌಂಡ್, ಎರಡರಲ್ಲಿ ಯಾವುದು ಹೆಚ್ಚೋ ಅದು. ಶೇಕಡಾ 50ರವರೆಗೆ ಒಂದೊಂದು ಅಂಕಕ್ಕೆ ಒಂದು ಪೌಂಡ್ ಹೆಚ್ಚು, 51ರಿಂದ 90ರವರೆಗೆ ಅಂಕಕ್ಕೆ 4 ಪೌಂಡ್, ಅಲ್ಲಿಂದ ಮೇಲೆ 8 ಪೌಂಡ್. ಹಾಗಾದರೆ 18/50 ಎಂದರೆ 230 ಪೌಂಡ್. ಪುಸ್ತಕದ ಕಣ್ಣಿನಲ್ಲಿ ಮನುಷ್ಯ ಹೆಣ್ಣೊಬ್ಬಳು ಮುಟ್ಟಬಹುದಾದ ತುದಿ ಅದು.

2000ದ ಸಿಡ್ನಿ ಒಲಿಂಪಿಕ್ಸ್. ಆಂಧ್ರದ ಕರ್ಣಂ ಮಲ್ಲೇಶ್ವರಿ 69 ಕಿಲೋ ವಿಭಾಗದಲ್ಲಿ 110 ಮತ್ತು 130, ಒಟ್ಟು 240 ಕಿಲೋ ಎತ್ತಿ ಕಂಚು ಗೆದ್ದರು. ಒಲಿಂಪಿಕ್ ಪದಕ ಗೆದ್ದ ಮೊದಲ ಭಾರತೀಯ ಮಹಿಳೆ. 130 ಕಿಲೋ ಎಂದರೆ 286 ಪೌಂಡ್. 230 ಕಳೆದರೆ 56, ಅದನ್ನು ನಾಲ್ಕರಿಂದ ಭಾಗಿಸಿದರೆ 14. ಗೈಗ್ಯಾಕ್ಸ್ ಲೆಕ್ಕದಲ್ಲಿ ಮಲ್ಲೇಶ್ವರಿಯ ಬಲ 18/64. ಟೋಕಿಯೊದಲ್ಲಿ ಬೆಳ್ಳಿ ಗೆದ್ದ ಮೀರಾಬಾಯಿ ಚಾನು ಅಲ್ಲಿ ಎತ್ತಿದ್ದು 115 ಕಿಲೋ, ಅದೂ 49 ಕಿಲೋ ವಿಭಾಗದಲ್ಲಿ. ಅವರದು 18/55. ಕ್ಲೀನ್ ಅಂಡ್ ಜರ್ಕ್‌ನಲ್ಲಿ ಕಾಲಿನ ನೆರವೂ ಇರುತ್ತದೆ, ಬರಿಯ ತೋಳಿನಿಂದ ಒತ್ತಿ ಎತ್ತುವುದು ಇನ್ನೂ ಕಷ್ಟ ಎಂದು ತಕರಾರು ತೆಗೆಯಬಹುದು. ನಿಜವೇ. ಗೈಡು ಕೇಳುವುದು ಮಾತ್ರ ತಲೆಯ ಮೇಲಕ್ಕೆ ಎತ್ತಿದಿರಾ ಎಂದಷ್ಟೇ. ಎತ್ತಿದ್ದಾರೆ.

ಗೈಗ್ಯಾಕ್ಸ್ 1978ರಲ್ಲಿ ಇದನ್ನೆಲ್ಲ ಊಹಿಸಬೇಕಿತ್ತೇ? ಆಗ ಮಹಿಳೆಯರ ವಿಶ್ವ ವೇಟ್‌ಲಿಫ್ಟಿಂಗ್ ಸ್ಪರ್ಧೆಯೇ ಇರಲಿಲ್ಲ. ಮೊದಲ ವಿಶ್ವ ಚಾಂಪಿಯನ್‌ಷಿಪ್ ನಡೆದದ್ದು 1987ರಲ್ಲಿ, ಒಲಿಂಪಿಕ್ಸ್‌ಗೆ ಸೇರಿದ್ದು 2000ದಲ್ಲಿ. ಹೆಣ್ಣುಮಕ್ಕಳಿಗೆ ಕಬ್ಬಿಣ ಎತ್ತಲು ವೇದಿಕೆಯೇ ಇಲ್ಲದ ಕಾಲದಲ್ಲಿ ಅವರು ಎತ್ತಬಲ್ಲದ್ದು ಇಷ್ಟೇ ಎಂದು ಅಚ್ಚು ಹಾಕಿಸಿದ್ದು. ಅಜ್ಞಾನ ತಪ್ಪಲ್ಲ, ಅದನ್ನು ಕೋಷ್ಟಕ ಮಾಡಿದ್ದು ತಪ್ಪು.

1980ರ ಜುಲೈನಲ್ಲಿ ಅದೇ ಡ್ರಾಗನ್ ಪತ್ರಿಕೆಯಲ್ಲಿ ಜೀನ್ ವೆಲ್ಸ್ ಮತ್ತು ಕಿಮ್ ಮೋಹನ್ ಮಹಿಳಾ ಆಟಗಾರರ ಅನುಭವದ ಬಗ್ಗೆ, ಸಮಾನತೆ ಏಕೆ ಬೇಡ ಎಂದು ಶೀರ್ಷಿಕೆಯಲ್ಲೇ ಕೇಳುವ ಲೇಖನವೊಂದನ್ನು ಬರೆದರು. ವೆಲ್ಸ್ ಆ ಕಂಪನಿ ವಿನ್ಯಾಸದ ಕೆಲಸಕ್ಕೆ ತೆಗೆದುಕೊಂಡ ಮೊದಲ ಮಹಿಳೆ. ಕೊನೆಗೆ 1989ರಲ್ಲಿ ಡೇವಿಡ್ ಕುಕ್ ನೇತೃತ್ವದಲ್ಲಿ ಎರಡನೆಯ ಆವೃತ್ತಿ ಬಂದಾಗ ಹೆಣ್ಣಿನ ಮಿತಿ ಪುಸ್ತಕದಿಂದ ಮಾಯವಾಗಿತ್ತು. ಸರಳಿನ ಕೋಷ್ಟಕ ಹಾಗೇ ಉಳಿಯಿತು. 18/00ಕ್ಕೆ ಆಗಲೂ ಅದೇ 40.

ಇತ್ತ ಬೇರೆ ಆಟಗಳು ಬಲವನ್ನು ಬೇರೆ ರೀತಿಯಲ್ಲಿ ತೂಗುತ್ತಿದ್ದವು. ಕೆನ್ ಸೇಂಟ್ ಆಂಡ್ರೆ 1975ರಲ್ಲಿ ತಂದ ‘ಟನಲ್ಸ್ ಅಂಡ್ ಟ್ರೋಲ್ಸ್’ನಲ್ಲಿ ಮಂತ್ರ ಹಾಕುವವರೇ ಬಲ ಖರ್ಚು ಮಾಡಬೇಕು, ನಾಲ್ಕು ಮಂತ್ರ ಹಾಕಿದ ಮೇಲೆ ಮಂತ್ರವಾದಿ ಗೋಡೆಗೆ ಒರಗಿ ಏದುಸಿರು ಬಿಡುತ್ತಾನೆ. ‘ಕಾಲ್ ಆಫ್ ಕಥೂಲು’ (1981) ಎಂಬ ಭಯಾನಕ ಆಟದಲ್ಲಿ ಸರಳವಾದ ತಕ್ಕಡಿ: ಎರಡೂ ಕಡೆ ಸಮವಿದ್ದರೆ 50 ಪ್ರತಿಶತ, ವ್ಯತ್ಯಾಸದ ಒಂದೊಂದು ಅಂಕಕ್ಕೆ 5 ಹೆಚ್ಚು ಅಥವಾ ಕಡಿಮೆ.

ಸೂಪರ್‌ಹೀರೊಗಳು ಬಂದಾಗ ನಿಜವಾದ ಇಕ್ಕಟ್ಟು ಶುರುವಾಯಿತು. ಮನುಷ್ಯ ಮೂಟೆ ಎತ್ತುತ್ತಾನೆ, ಸೂಪರ್‌ಹೀರೊ ಸೇತುವೆ ಎತ್ತುತ್ತಾನೆ. ಇಬ್ಬರನ್ನೂ ಒಂದೇ ಕೋಷ್ಟಕದಲ್ಲಿ ಹಿಡಿಸುವುದು ಹೇಗೆ? 1981ರ ‘ಚಾಂಪಿಯನ್ಸ್’ ಕಂಡುಕೊಂಡ ಉಪಾಯ ಚೆನ್ನಾಗಿದೆ. ಬಲ 10 ಇದ್ದರೆ 100 ಕಿಲೋ. ಅಲ್ಲಿಂದ ಪ್ರತಿ 5 ಅಂಕಕ್ಕೆ ತೂಕ ಎರಡರಷ್ಟು. 15ಕ್ಕೆ 200, 20ಕ್ಕೆ 400, 60ಕ್ಕೆ ಸುಮಾರು 100 ಟನ್. ಭೀಮನ ಲೆಕ್ಕವನ್ನೂ ಇದರಲ್ಲಿ ಸಲೀಸಾಗಿ ಮಾಡಬಹುದು. ಸಾವಿರ ಎಂದರೆ ಹತ್ತಿರಹತ್ತಿರ ಹತ್ತು ಸಲ ದುಪ್ಪಟ್ಟು. ಅಂದರೆ ಒಂದು ಆನೆಗಿಂತ ಭೀಮನಿಗೆ 50 ಅಂಕ ಹೆಚ್ಚು, ಅಷ್ಟೇ! ವ್ಯಾಸರು ಕೇಳಿದ್ದರೆ ನಕ್ಕುಬಿಡುತ್ತಿದ್ದರೇನೋ. 1984ರ ‘ಮಾರ್ವೆಲ್ ಸೂಪರ್ ಹೀರೋಸ್’ ಅಂಕಿಯ ಜೊತೆ ವಿಶೇಷಣಗಳನ್ನೂ ಕೊಟ್ಟಿತು: ದುರ್ಬಲ, ಸಾಧಾರಣ, ಉತ್ತಮ, ಅದ್ಭುತ ಎಂಬ ಧಾಟಿಯ ಮೆಟ್ಟಿಲುಗಳು. ಸಾಹಸದ ಪ್ರತಿ ಪ್ರಯತ್ನಕ್ಕೂ ಅದರಲ್ಲಿ ‘ಫೀಟ್’ ಎಂದೇ ಹೆಸರು.

2000ದಲ್ಲಿ ಡಂಜನ್ಸ್ ಅಂಡ್ ಡ್ರಾಗನ್ಸ್‌ನ ಮೂರನೆಯ ಆವೃತ್ತಿ ಬಂತು. ಶೇಕಡಾ ಬಾಲ ಕತ್ತರಿಸಿ ಹೋಯಿತು, ಸರಳಿನ ಕೋಷ್ಟಕವೂ ಹೋಯಿತು. ಎಲ್ಲಕ್ಕೂ ಒಂದೇ ಸೂತ್ರ: 20 ಮುಖದ ದಾಳ ಉರುಳಿಸು, ಬಲದ ಹೆಚ್ಚುವರಿ ಕೂಡಿಸು, ಗುರಿ ಮುಟ್ಟಿದೆಯಾ ನೋಡು. ಸಾಧಾರಣ ಬಾಗಿಲಿಗೆ ಗುರಿ 13, ಕಬ್ಬಿಣದ ಸರಳಿಗೆ 24, ಕಬ್ಬಿಣದ ಬಾಗಿಲಿಗೆ 28. ಬಲ 18 ಇದ್ದರೆ ಕೂಡಿಸಬೇಕಾದ್ದು 4, ಬಲ 8 ಇದ್ದರೆ ಒಂದು ಕಳೆಯಬೇಕು.

ಅಚ್ಚುಕಟ್ಟಾಗಿದೆ. ಆದರೆ 20 ಮುಖದ ದಾಳ ಬಹಳ ಜಿಗಿಯುತ್ತದೆ. ಬಲ 18ರ ಜಟ್ಟಿಯೂ ಬಲ 8ರ ಮಂತ್ರವಾದಿಯೂ ಎದುರುಬದುರು ಎಳೆದಾಡಿದರೆ ಮಂತ್ರವಾದಿ ಗೆಲ್ಲುವುದು ನೂರಕ್ಕೆ 26 ಸಲ. ನಾಲ್ಕಕ್ಕೊಂದು! ಇದು ನಗೆಪಾಟಲಾಗುತ್ತದೆಂದು ಬರೆದವರಿಗೂ ಗೊತ್ತಿತ್ತು. ಯಾರು ಎತ್ತರ ಎಂದು ತಿಳಿಯಲು ದಾಳ ಉರುಳಿಸುವುದಿಲ್ಲವಲ್ಲ, ಹಾಗೆಯೇ ಯಾರು ಬಲಶಾಲಿ ಎಂದು ತಿಳಿಯಲೂ ಬೇಡ ಎಂಬ ಅರ್ಥದ ಮಾತು ಆ ಆವೃತ್ತಿಯ ನಿಯಮಗಳಲ್ಲೇ ಇದೆ.

ಇದನ್ನು ನಾನು ಹೇಳಿದಾಗ ಧಾರವಾಡದ ಗೆಳತಿಗೆ ನೆನಪಾದದ್ದು ಅವಳ ಅಜ್ಜನ ಊರಿನ ಜಾತ್ರೆ. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಸಂಗ್ರಾಣಿ ಕಲ್ಲು ಎತ್ತುವ ಸ್ಪರ್ಧೆ ನೀವು ನೋಡಿರಬಹುದು. ಗರಡಿಮನೆಯ ಹುಡುಗರು ಸೊಂಟಕ್ಕೆ ವಸ್ತ್ರ ಬಿಗಿದು ಒಬ್ಬೊಬ್ಬರಾಗಿ ಬರುತ್ತಾರೆ. ಹೋದ ವರ್ಷ ಎತ್ತಿದವನು ಈ ವರ್ಷವೂ ಎತ್ತುತ್ತಾನೆ. “ಅಲ್ಲಿ ಯಾರೂ ದಾಳ ಒಗೆಯೂದಿಲ್ಲ. ಕಲ್ಲ ಹೇಳತೈತಿ” ಎಂದಳು.

ಮೂರನೆಯ ಆವೃತ್ತಿಯಲ್ಲಿ ಇನ್ನೊಂದು ಅನುಕೂಲವಿತ್ತು. ಅವಸರವಿಲ್ಲ, ಸೋತರೆ ಅಪಾಯವೂ ಇಲ್ಲ ಎಂದಾದರೆ ದಾಳ ಉರುಳಿಸದೆ ನೇರ 20 ಎಂದು ಹಿಡಿಯಬಹುದು. ಇಪ್ಪತ್ತು ಪಟ್ಟು ಸಮಯ ಹಿಡಿಯುತ್ತದೆ, ಅಷ್ಟೇ. ಬಲ 18ರವನು ಹಾಗೆ ಮಾಡಿದರೆ 20 ಕೂಡು 4, ಒಟ್ಟು 24. ಸರಳಿನ ಗುರಿಯೂ 24. ಅಂದರೆ ಅವನು ಪ್ರತಿ ಸಲವೂ ಎರಡು ನಿಮಿಷದಲ್ಲಿ ಸರಳು ಬಗ್ಗಿಸುತ್ತಾನೆ. ಬಲ 16ರವನಿಗೆ ಸಿಗುವುದು 23. ಅವನು ಜನ್ಮವಿಡೀ ಎಳೆದರೂ ಬಗ್ಗುವುದಿಲ್ಲ. 1978ರಲ್ಲಿ 16 ಪ್ರತಿಶತ ಮತ್ತು 10 ಪ್ರತಿಶತ ಇದ್ದದ್ದು ಈಗ ನೂರು ಮತ್ತು ಸೊನ್ನೆಯಾಯಿತು. ಜಾತ್ರೆಯ ಕಲ್ಲಿಗೆ ಇದು ಹತ್ತಿರ. ಆದರೆ ಯಾರು ಯಾವ ಸರಳನ್ನು ಬಗ್ಗಿಸಬಲ್ಲರು ಎಂದು ಮೊದಲೇ ಗೊತ್ತಿದ್ದರೆ ಉಸಿರು ಬಿಗಿಹಿಡಿಯುವ ಕ್ಷಣ ಎಲ್ಲಿ? 2014ರ ಐದನೆಯ ಆವೃತ್ತಿ ನೆಗೆತದ ವಿಷಯದಲ್ಲಿ ಈ ದಾರಿಯಲ್ಲೇ ಇನ್ನೂ ಮುಂದೆ ಹೋಯಿತು. ಹತ್ತು ಅಡಿ ಓಡಿ ನೆಗೆದರೆ ಬಲ ಎಷ್ಟೋ ಅಷ್ಟು ಅಡಿ. ದಾಳದ ಮಾತೇ ಇಲ್ಲ. ಹಳೆಯ ಪದ್ಧತಿಯೇ ಬೇಕೆನ್ನುವವರಿಗಾಗಿ 2006ರಲ್ಲಿ ‘ಓಸ್ರಿಕ್’ ಎಂಬ ಮರುರೂಪ ಬಂದಿತ್ತು. ಬಾಗಿಲಿಗೆ ಆರು ಮುಖದ ದಾಳ ಹಾಕುವವರು ಇವತ್ತಿಗೂ ಇದ್ದಾರೆ.

ಕೋಥ್ರೂಡಿನ ರಾತ್ರಿಗೆ ವಾಪಸಾಗುತ್ತೇನೆ. ಜಗಳ ಮುಗಿಸಲು ನಾಗಪುರದವನು ಒಂದು ದಾರಿ ಹೇಳಿದ: 1989ರ ಪುಸ್ತಕದಲ್ಲಿ ಮಿತಿ ಇಲ್ಲವಲ್ಲ, ಈ ಒಂದು ವಿಷಯಕ್ಕೆ ಅದನ್ನೇ ಅನುಸರಿಸೋಣ. ಅವಳು ಒಪ್ಪಲಿಲ್ಲ. ಆಡುತ್ತಿರುವುದು ಈ ಪುಸ್ತಕದಲ್ಲಿ, ಸರಿಯಾಗಬೇಕಾದ್ದೂ ಇದೇ ಪುಸ್ತಕದಲ್ಲಿ ಎಂದಳು. ಪುಸ್ತಕದ ಮಾಲೀಕ ಎರಡು ನಿಮಿಷ ಮುಖ ಊದಿಸಿಕೊಂಡು ಕೂತು, ಆಮೇಲೆ ತಾನೇ ಪೆನ್ಸಿಲ್ ಕೊಟ್ಟ. 18/50ರ ಮೇಲೆ ಅವಳು ಒಂದು ಗೀಟು ಎಳೆದಳು. ತನ್ನ ಹಾಳೆಯಲ್ಲಿ 18/87 ಎಂದು ಬರೆದುಕೊಂಡಳು.

ಎರಡು ವಾರದ ನಂತರ ನಮ್ಮ ಗುಂಪು ಕೋಟೆಯೊಂದರ ಸೆರೆಮನೆಯಲ್ಲಿ ಸಿಕ್ಕಿಬಿತ್ತು. ಕಿಟಕಿಗೆ ಕಬ್ಬಿಣದ ಸರಳು, ಹೊರಗೆ ಕಂದಕ. ಅವಳ ಯೋಧೆ ಎರಡೂ ಕೈಯಲ್ಲಿ ಸರಳು ಹಿಡಿದಳು. 30 ಅಥವಾ ಅದಕ್ಕಿಂತ ಕಡಿಮೆ ಬೀಳಬೇಕಿತ್ತು. ದಾಳ ಚುರುಮುರಿ ಡಬ್ಬಿಗೆ ತಾಗಿ ನಿಂತಿತು. 61. 50 ಇದ್ದಿದ್ದರೂ ಸೋಲು, 87ಕ್ಕೂ ಸೋಲು.

“ಇನ್ನೊಂದ್ಸಲ ಉರುಳಿಸ್ಲಿ ಬಿಡೋ” ಎಂದೆ ನಾನು ಡಂಜನ್ ಮಾಸ್ಟರಿಗೆ. ಅವನು ಪುಸ್ತಕ ತೆಗೆಯಲು ಕೈ ಚಾಚಿದ.

“ಬ್ಯಾಡ” ಎಂದಳು ಅವಳು. “ಒಂದ ಸಲ ಅಂತೈತಿ. ಆ ಸಾಲು ಇರ್ಲಿ.” ಆಮೇಲೆ ನಮ್ಮ ಕೊಚ್ಚಿಯ ಮಂತ್ರವಾದಿಯ ಕಡೆ ತಿರುಗಿ, ಕಾವಲುಗಾರ ಊಟ ತರುವುದು ಎಷ್ಟು ಹೊತ್ತಿಗೆ ಎಂದು ಕೇಳಿದಳು.